ಕೆಮಿಸ್ಟ್ರಿ ಓದಲು ನಾನು ಪಿಸಿಎಂ ಆರಿಸಿಕೊಂಡಿದ್ದು

ಪಿಯುಸಿ ಮುಗಿದಾಗ ಕೆಮಿಸ್ಟ್ರಿಯೇ ಬೇಕು ಅಂತ ನನಗೆ ಗೊತ್ತಿತ್ತು. ಯಾವ ದಾರಿ ಅನ್ನೋದೇ ಪ್ರಶ್ನೆ.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ ನಮ್ಮದು. ಮಳೆಗಾಲ ಬಂತೆಂದರೆ ಕೊಳೆರೋಗದ ಚಿಂತೆ, ಬೋರ್ಡೋ ದ್ರಾವಣ ಹೊಡೆಯುವ ಗಡಿಬಿಡಿ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ಅಂದರೆ ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಆಮೇಲೆ ಅಪ್ಪ ಉಜ್ಜಿದ ಕತ್ತಿಯ ಅಲಗು ಅದ್ದಿ ನೋಡುತ್ತಿದ್ದರು. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕು. ಕಬ್ಬಿಣ ಕರಗಿ ನೀರಿಗೆ ಹೋಗಿ, ನೀರಿನ ತಾಮ್ರ ಅಲಗಿಗೆ ಅಂಟುತ್ತದೆ ಅನ್ನೋದು ಪಾಠದಲ್ಲಿ ಬಂದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ನಮ್ಮ ತೋಟದಲ್ಲಿ ವರ್ಷವರ್ಷವೂ ನಡೆಯುತ್ತಿದ್ದದ್ದು ಇದೇ ಅಲ್ವಾ!

ನೆಂಟರೆಲ್ಲ ಇಂಜಿನಿಯರಿಂಗ್ ಅಂದರು. ನಾನು ಬಿಎಸ್ಸಿ ಅಂದೆ. ಆಮೇಲೆ ಉಳಿದಿದ್ದು ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಅಥವಾ ಸಿಬಿಜೆಡ್ (ಕೆಮಿಸ್ಟ್ರಿ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ). ಗಿಡ, ಪ್ರಾಣಿಗಳ ಪಾಠ ನನಗೆ ಇಷ್ಟವೇ. ಆದರೆ ಸೇರುವ ಮೊದಲು ಒಂದು ಕೆಲಸ ಮಾಡಿದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಓದುತ್ತಿದ್ದ ಪರಿಚಯದ ಅಕ್ಕನ ಪುಸ್ತಕಗಳನ್ನು ತಿರುವಿ ನೋಡಿದೆ. ಕ್ವಾಂಟಮ್, ಥರ್ಮೋಡೈನಮಿಕ್ಸ್, ಕೈನೆಟಿಕ್ಸ್, ಎಲ್ಲಿ ತೆರೆದರೂ ಗಣಿತ. ಅದನ್ನು ನೋಡಿಯೇ ಪಿಸಿಎಂ ಅಂತ ತೀರ್ಮಾನಿಸಿದೆ. ಜೀವರಸಾಯನ, ಮೈಕ್ರೋಬಯಾಲಜಿ ಕಡೆ ಹೋಗುವ ಮನಸ್ಸಿದ್ದರೆ ಸಿಬಿಜೆಡ್ಡೇ ಸರಿ. ಸುಮ್ನೆ ಸ್ನೇಹಿತರು ಸೇರಿದರು ಅಂತ ಮಾತ್ರ ಆರಿಸಬೇಡಿ.

ಶಿವಮೊಗ್ಗದ ಸಹ್ಯಾದ್ರಿ ಕಾಲೇಜು ಹತ್ತಿರವೇ ಇತ್ತು. ಆದರೂ ಆಗುಂಬೆ ಘಾಟಿ ಇಳಿದು ಮಂಗಳೂರಿನ ಸಂತ ಅಲೋಶಿಯಸ್‌ಗೆ ಹೋದೆ. ಜೆಸ್ವಿಟ್ ಪಾದ್ರಿಗಳು 1880ರಲ್ಲಿ ಶುರು ಮಾಡಿದ ಕಾಲೇಜು ಅದು. ಕ್ರೈಸ್ತ ಕಾಲೇಜಿನಲ್ಲಿ ನಮ್ಮ ಹುಡುಗಿಗೆ ಹೊಂದುತ್ತಾ ಅಂತ ಅಜ್ಜಿಗೆ ಅಳುಕಿತ್ತು. ಅಳುಕುವಂಥದ್ದು ಏನೂ ಇರಲಿಲ್ಲ. ಮನಸ್ಸು ಭಾರವಾದ ದಿನ ಚಾಪೆಲ್‌ನಲ್ಲಿ ಹೋಗಿ ಕೂರುತ್ತಿದ್ದೆ. ಗೋಡೆ, ಚಾವಣಿ ತುಂಬಾ ಇಟಲಿಯ ಮೊಸ್ಕೇನಿ ಬರೆದ ಚಿತ್ರಗಳು.

ನನ್ನನ್ನು ತಿದ್ದಿದ್ದು ಲ್ಯಾಬು. ಆಕ್ಸಾಲಿಕ್ ಆಮ್ಲವನ್ನು ಅರವತ್ತು ಡಿಗ್ರಿ ದಾಟಿಸಿ ಬಿಸಿ ಮಾಡಿ, ಪರ್ಮಾಂಗನೇಟ್ ಹನಿ ಹನಿಯಾಗಿ ಬಿಡಬೇಕು. ಮೊದಲ ಹನಿಗಳ ಬಣ್ಣ ಬೇಗ ಹೋಗುವುದಿಲ್ಲ. ನಂತರ ಸರಸರ ಮಾಯವಾಗುತ್ತದೆ, ಯಾಕೆಂದರೆ ಕ್ರಿಯೆಯಲ್ಲಿ ಹುಟ್ಟಿದ ಮ್ಯಾಂಗನೀಸ್ ಅಯಾನೇ ಅದನ್ನು ಚುರುಕುಗೊಳಿಸುತ್ತದೆ. ಕೊನೆಗೆ ತಿಳಿ ಗುಲಾಬಿ ನಿಂತಾಗ ಬ್ಯುರೆಟ್ (ಹನಿ ಬಿಡುವ ಅಳತೆಯ ಗಾಜಿನ ಕೊಳವೆ) ನಿಲ್ಲಿಸಬೇಕು. ಎರಡು ರೀಡಿಂಗ್ ಹೊಂದದಿದ್ದರೆ ಮೇಡಂ ಮತ್ತೆ ಮಾಡಿಸುತ್ತಿದ್ದರು. ಹೊಂದುವಂತೆ ಬರೆದುಕೊಳ್ಳಲು ಬಿಡುತ್ತಿರಲಿಲ್ಲ. ಕಾಲೇಜು ನೋಡಲು ಹೋದಾಗ ಲ್ಯಾಬಿನಲ್ಲಿ ಒಬ್ಬೊಬ್ಬರಿಗೂ ಬ್ಯುರೆಟ್ ಸಿಗುತ್ತಾ ಅಂತ ಕೇಳಿ. ಕಟ್ಟಡಕ್ಕಿಂತ ಅದು ಜಾಸ್ತಿ ಮುಖ್ಯ.

ಡಿಗ್ರಿ ಆದಮೇಲೆ ಎಂಎಸ್ಸಿಗೆ ಶಂಕರಘಟ್ಟಕ್ಕೇ ಬಂದೆ. ಎಂಎಸ್ಸಿಗೆ ಐಐಟಿಗೆ ಹೋಗುವ ಆಸೆ ಇರುವವರು ಅದರ ಪ್ರವೇಶಕ್ಕಿರುವ ಜ್ಯಾಮ್ ಪರೀಕ್ಷೆಗೆ ಎರಡನೇ ವರ್ಷದಿಂದಲೇ ಓದಲಿ. ಹೈಸ್ಕೂಲು ಮೇಷ್ಟ್ರಾಗುವವರಿಗೆ ಬಿಎಸ್ಸಿ ನಂತರ ಬಿಎಡ್ ಸಾಕು. ಪಿಯು ಕಾಲೇಜಿನಲ್ಲಿ ಪಾಠ ಮಾಡಲು ಎಂಎಸ್ಸಿಯೂ ಬೇಕು. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಿರುಗಿತು. ಹಾಗಾಗಿ ಸೀನಿಯರ್ ಹೇಳಿದ್ದನ್ನು ನಂಬಿಕೊಂಡು ಕೂರದೆ, ನಿಮ್ಮ ಬ್ಯಾಚಿನ ನಿಯಮವನ್ನು ಕಾಲೇಜು ಆಫೀಸಿನಲ್ಲೇ ಕೇಳಿ ಬರೆದಿಟ್ಟುಕೊಳ್ಳಿ.