ಚಾಲಕನಿಗೆ ಜೊಂಪು ಹತ್ತಿದರೂ ಟ್ರಾಮ್ ಉರುಳದಂತೆ ಮಾಡುವುದು ಹೇಗೆ?

2016ರ ನವೆಂಬರ್ 9. ದಕ್ಷಿಣ ಲಂಡನ್ನಿನ ಕ್ರಾಯ್ಡನ್‌ನಲ್ಲಿ ಬೆಳಗಿನ ಆರು ಗಂಟೆ ದಾಟಿ ಕೆಲವೇ ನಿಮಿಷವಾಗಿತ್ತು. ಇನ್ನೂ ಕತ್ತಲು, ಜೊತೆಗೆ ಜೋರು ಮಳೆ. ನ್ಯೂ ಆಡಿಂಗ್ಟನ್ ಕಡೆಯಿಂದ ಬರುತ್ತಿದ್ದ 2551 ನಂಬರಿನ ಟ್ರಾಮಿನಲ್ಲಿ 69 ಪ್ರಯಾಣಿಕರಿದ್ದರು. ಸ್ಯಾಂಡಿಲ್ಯಾಂಡ್ಸ್ ಎಂಬಲ್ಲಿ ಸುರಂಗ ದಾಟಿದ ಮೇಲೆ ಹಳಿ ಎಡಕ್ಕೆ ಥಟ್ಟನೆ ತಿರುಗುತ್ತದೆ. ಅಲ್ಲಿ ಗಂಟೆಗೆ 20 ಕಿ.ಮೀ.ಗಿಂತ ವೇಗವಾಗಿ ಹೋಗುವಂತಿಲ್ಲ. ಟ್ರಾಮ್ ತಿರುವಿಗೆ ನುಗ್ಗಿದ್ದು 73 ಕಿ.ಮೀ. ವೇಗದಲ್ಲಿ. ಬಲಮಗ್ಗುಲಿಗೆ ಉರುಳಿತು. ಏಳು ಮಂದಿ ಸತ್ತರು, ಚಾಲಕನೂ ಸೇರಿ 62 ಮಂದಿ ಗಾಯಗೊಂಡರು. ಬ್ರಿಟನ್ನಿನಲ್ಲಿ ಟ್ರಾಮಿನೊಳಗೆ ಕೂತವರು ಅಪಘಾತದಲ್ಲಿ ಜೀವ ಕಳೆದುಕೊಂಡದ್ದು 1959ರ ನಂತರ ಅದೇ ಮೊದಲು.

ಚಾಲಕನಿಗೆ ಅರೆಗಳಿಗೆ ಜೊಂಪು ಹತ್ತಿರಬೇಕು ಎಂದು ಅಲ್ಲಿನ ರೈಲು ಅಪಘಾತ ತನಿಖಾ ಸಂಸ್ಥೆ ಅಂದಾಜು ಮಾಡಿತು. ನಮ್ಮಲ್ಲಾದರೆ ‘ಚಾಲಕನ ನಿರ್ಲಕ್ಷ್ಯವೇ ಕಾರಣ’ ಎಂಬ ಸಾಲಿನೊಂದಿಗೆ ಸುದ್ದಿ ಮುಗಿದುಹೋಗುತ್ತಿತ್ತೋ ಏನೋ. ತನಿಖೆ ಮಾಡಿದವರು ಮುಂದಿನ ಪ್ರಶ್ನೆ ಕೇಳಿದರು: ಒಬ್ಬನ ಕಣ್ಣು ಕೆಲವು ಸೆಕೆಂಡು ಕೂತರೆ ಏಳು ಜೀವ ಹೋಗುವಂಥ ದಾರಿಯನ್ನು ಹಾಗೇ ಬಿಟ್ಟವರು ಯಾರು? 2017ರ ಡಿಸೆಂಬರಿನಲ್ಲಿ ಬಂದ ವರದಿಯಲ್ಲಿ 15 ಶಿಫಾರಸುಗಳಿದ್ದವು. ಟ್ರಾಮ್ ಓಡಿಸುವ ಯಾವ ಊರಿಗಾದರೂ ಅದು ಕೈಪಿಡಿಯಂತಿದೆ. ಅದನ್ನೇ ಹಿಡಿದು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ದೂರುಗಳ ಕಡತ ಬಿಚ್ಚಿ

ಯಂತ್ರ ಕೊಳ್ಳುವುದಕ್ಕೆ ಮುಂಚೆ ಮಾಡಬೇಕಾದ ಕೆಲಸ ಇದು. ಖರ್ಚು ತೀರಾ ಕಡಿಮೆ, ಆದ್ದರಿಂದಲೇ ಯಾರೂ ಮಾಡುವುದಿಲ್ಲ.

ದುರಂತಕ್ಕೆ ಒಂಬತ್ತು ದಿನ ಮೊದಲು, ಅಕ್ಟೋಬರ್ 31ರಂದು, ಇನ್ನೊಂದು ಟ್ರಾಮ್ ಇದೇ ತಿರುವನ್ನು ಸುಮಾರು 45 ಕಿ.ಮೀ. ವೇಗದಲ್ಲಿ ದಾಟಿತ್ತು. ತನಿಖೆಯ ಲೆಕ್ಕದ ಪ್ರಕಾರ ಅಲ್ಲಿ ಟ್ರಾಮ್ ಉರುಳುವ ವೇಗ 49 ಕಿ.ಮೀ. ನಾಲ್ಕೇ ಕಿಲೋಮೀಟರ್ ಅಂತರದಲ್ಲಿ ಅವರೆಲ್ಲ ಬಚಾವಾಗಿದ್ದರು. ಒಳಗಿದ್ದವರಿಗೆ ಎದೆ ಝಲ್ಲೆಂದಿತ್ತು, ದೂರೂ ಹೋಗಿತ್ತು. ಅದರ ತೂಕ ಸಂಬಂಧಪಟ್ಟವರಿಗೆ ಅರ್ಥವಾಗುವ ಹೊತ್ತಿಗೆ 2551 ಉರುಳಿಯಾಗಿತ್ತು.

ಹಾಗಾಗಿ ದೂರುಗಳನ್ನು ಮೊದಲೇ ಬೇರ್ಪಡಿಸಿ. ‘ಚಿಲ್ಲರೆ ಕೊಡಲಿಲ್ಲ’, ‘ಎಸಿ ಕೆಲಸ ಮಾಡಲಿಲ್ಲ’ ಎಂಬುವು ಒಂದು ಕಡೆ. ವೇಗ, ಬ್ರೇಕು, ಬಾಗಿಲು, ತಿರುವು ಎಂಬ ಮಾತು ಬಂದವು ಇನ್ನೊಂದು ಕಡೆ. ಎರಡನೆಯ ಕಟ್ಟು ಅದೇ ದಿನ ಸುರಕ್ಷತೆ ನೋಡಿಕೊಳ್ಳುವವರ ಮೇಜಿಗೆ ಹೋಗಬೇಕು.

ಚಾಲಕರ ಬಾಯಿಂದಲೂ ಮಾತು ಬರಬೇಕು. ಅದು ಇನ್ನೂ ಕಷ್ಟ. ಕ್ರಾಯ್ಡನ್‌ನಲ್ಲಿ ಕೆಲವು ಚಾಲಕರು ತಮ್ಮಿಂದಾದ ತಪ್ಪನ್ನು ಹೇಳಿಕೊಳ್ಳಲು ಹಿಂಜರಿಯುತ್ತಿದ್ದರು, ಮೇಲಿನವರು ಹೇಗೆ ತಗೊಳ್ಳುತ್ತಾರೋ ಎಂಬ ಭಯ. ‘ನಿನ್ನೆ ಆ ತಿರುವಿನಲ್ಲಿ ಬ್ರೇಕ್ ತಡವಾಯಿತು ಸಾರ್’ ಎಂದು ಬಂದು ಹೇಳಿದವನಿಗೆ ಮೆಮೊ ಕೊಟ್ಟರೆ ನಾಳೆಯಿಂದ ಇನ್ನೊಬ್ಬ ಬಾಯಿ ಬಿಡುವುದಿಲ್ಲ. ಹೇಳಿದ್ದಕ್ಕೆ ಶಿಕ್ಷೆ ಇಲ್ಲ ಎಂದು ಲಿಖಿತವಾಗಿ ಕೊಡಿ.

ಹೆಜ್ಜೆ 2: ಮಳೆಗತ್ತಲಲ್ಲಿ ದಾರಿ ನೋಡಿ

ಟ್ರಾಮ್ ಚಾಲಕ ಹೆಚ್ಚಿನ ಕಡೆ ಬಸ್ ಡ್ರೈವರನ ಹಾಗೆ ಕಣ್ಣಿಗೆ ಕಂಡದ್ದನ್ನು ನೋಡಿ ಓಡಿಸುತ್ತಾನೆ. ಆದರೆ ಚಕ್ರ ಉಕ್ಕಿನದು, ಹಳಿಯೂ ಉಕ್ಕಿನದು. ರಬ್ಬರ್ ಟೈರಿನ ಹಿಡಿತ ಅಲ್ಲಿಲ್ಲ.

ಈಗ ಸ್ಯಾಂಡಿಲ್ಯಾಂಡ್ಸ್ ಲೆಕ್ಕ ಮಾಡಿ. ಹಳೆಯ ರೈಲು ದಾರಿಯ ಮೇಲೆ ಹಾಕಿದ ಹಳಿ, ಒಂದರ ಬೆನ್ನಿಗೆ ಒಂದು ಮೂರು ಸುರಂಗ, ಒಟ್ಟು ಸುಮಾರು ಅರ್ಧ ಕಿಲೋಮೀಟರ್. ಅಲ್ಲಿ 80 ಕಿ.ಮೀ. ವೇಗಕ್ಕೆ ಅನುಮತಿ ಇತ್ತು. ಹೊರಬಂದ ಸ್ವಲ್ಪ ದೂರಕ್ಕೆ 30 ಮೀಟರ್ ತ್ರಿಜ್ಯದ ತಿರುವು. ಮಾಮೂಲು ಬ್ರೇಕಿನಲ್ಲಿ 80ರಿಂದ 20ಕ್ಕೆ ಇಳಿಯಲು ಸುಮಾರು 180 ಮೀಟರ್ ಬೇಕು. ‘20’ ಎಂದು ಬರೆದ ಬೋರ್ಡು ಇದ್ದದ್ದು ತಿರುವಿನ ಬುಡದಲ್ಲಿ. ಅದು ಕಣ್ಣಿಗೆ ಸಿಗುವಾಗ ಬ್ರೇಕ್ ಹಾಕಬೇಕಾಗಿದ್ದ ಜಾಗ ಹಿಂದೆ ಉಳಿದಿರುತ್ತಿತ್ತು. ಅಂದರೆ ಚಾಲಕ ಬೋರ್ಡು ನೋಡಿ ಬ್ರೇಕ್ ಹಾಕುತ್ತಿರಲಿಲ್ಲ, ದಾರಿ ನೆನಪಿಟ್ಟುಕೊಂಡು ಹಾಕುತ್ತಿದ್ದ. ಜೊಂಪಿನಿಂದ ಎಚ್ಚೆತ್ತವನಿಗೆ ಸುರಂಗದೊಳಗೆ ತಾನೆಲ್ಲಿದ್ದೇನೆ ಎಂದು ತಿಳಿಯಲು ಗುರುತೇ ಇರಲಿಲ್ಲ.

ನಕ್ಷೆ ನೋಡಿದರೆ ಇದು ಗೊತ್ತಾಗುವುದಿಲ್ಲ. ಚಾಲಕನ ಪಕ್ಕ ನಿಂತು, ನಸುಕಿನ ಮೊದಲ ಟ್ರಾಮಿನಲ್ಲಿ, ಮಳೆ ಬರುವ ದಿನವೇ ಹೋಗಬೇಕು. ಪ್ರತಿ ತಿರುವು, ಇಳಿಜಾರು, ಕ್ರಾಸಿಂಗಿನಲ್ಲೂ ಒಂದೇ ಪ್ರಶ್ನೆ ಬರೆದುಕೊಳ್ಳಿ: ಈ ಮನುಷ್ಯ ಇಲ್ಲಿ ಏನೂ ಮಾಡದೆ ಸುಮ್ಮನೆ ಕೂತರೆ ಏನಾಗುತ್ತದೆ? ‘ಜನ ಸಾಯುತ್ತಾರೆ’ ಎಂಬ ಉತ್ತರ ಬಂದ ಜಾಗಗಳ ಪಟ್ಟಿಯಿಂದಲೇ ಮುಂದಿನ ಕೆಲಸ.

ಹೆಜ್ಜೆ 3: ವೇಗವನ್ನು ಮೆಟ್ಟಿಲಿಳಿಸಿ

80ರಿಂದ ಒಮ್ಮೆಲೇ 20 ಎನ್ನುವುದು ಮಹಡಿಯಿಂದ ನೆಗೆ ಎಂದಂತೆ. ನಡುವೆ ಮೆಟ್ಟಿಲುಗಳಿರಲಿ. ದುರಂತದ ನಂತರ ಕ್ರಾಯ್ಡನ್‌ನಲ್ಲಿ ಗರಿಷ್ಠ ವೇಗವನ್ನೇ 70ಕ್ಕೆ ಇಳಿಸಿದರು, ಮಧ್ಯದಲ್ಲಿ ಹೆಚ್ಚುವರಿ ವೇಗದ ಬೋರ್ಡು ಹಾಕಿದರು, ಕಡಿದಾದ ತಿರುವುಗಳಲ್ಲಿ ನಮ್ಮ ಘಾಟಿ ರಸ್ತೆಗಳಲ್ಲಿರುವಂಥ ಬಾಣದ ಗುರುತಿನ ಫಲಕ ನಿಲ್ಲಿಸಿದರು.

ಹೆಜ್ಜೆ 4: ನಿದ್ದೆ ಬಂದೀತು ಎಂದೇ ಇಟ್ಟುಕೊಂಡು ಯಂತ್ರ ಕೂರಿಸಿ

ಟ್ರಾಮಿನ ಹಿಡಿಕೆಯಲ್ಲಿ ಹಳೆಯ ಕಾಲದಿಂದಲೂ ಒಂದು ಉಪಾಯವಿದೆ. ಚಾಲಕ ಕೈ ಸಡಿಲಿಸಿದರೆ ಬ್ರೇಕ್ ಬೀಳುತ್ತದೆ. ಪ್ರಜ್ಞೆ ತಪ್ಪಿದವನಿಗೆ ಅದು ಸರಿ. ಜೊಂಪು ಹತ್ತಿದವನ ಕೈ ಮಾತ್ರ ಹಿಡಿತ ಬಿಡುವುದಿಲ್ಲ. ರಾತ್ರಿ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದೇ ಗೊರಕೆ ಹೊಡೆಯುವವರನ್ನು ನೋಡಿಲ್ಲವೇ? ಕ್ರಾಯ್ಡನ್‌ನಲ್ಲೂ ಆ ದಿನ ಹಿಡಿಕೆಯ ಮೇಲೆ ಕೈ ಇದ್ದೇ ಇತ್ತು, ಬ್ರೇಕ್ ಬೀಳಲಿಲ್ಲ.

ಆಮೇಲೆ ಎರಡು ಸಾಧನ ಬಂದವು. ಒಂದು, ಚಾಲಕನ ಕಣ್ರೆಪ್ಪೆ ಗಮನಿಸುವ ಇನ್ಫ್ರಾರೆಡ್ ಕ್ಯಾಮೆರಾ. ರೆಪ್ಪೆ ಮುಚ್ಚಿಯೇ ಇದ್ದರೆ ಸೀಟು ಗಡಗಡ ನಡುಗುತ್ತದೆ. ಇದಕ್ಕೆ ಚಾಲಕರ ಸಂಘ ತಕರಾರು ತೆಗೆದಿತ್ತು. ಇಡೀ ಪಾಳಿ ಮುಖದ ಮೇಲೆ ಕ್ಯಾಮೆರಾ ಇದ್ದರೆ ಯಾರಿಗಾದರೂ ಕಿರಿಕಿರಿಯೇ. ಎರಡನೆಯದು ನನಗೆ ಹೆಚ್ಚು ಹಿಡಿಸಿದ್ದು: ಅಪಾಯದ ಜಾಗಕ್ಕೆ ಮೊದಲೇ ಹಳಿಯ ಪಕ್ಕ ಬೀಕನ್, ಅಂದರೆ ಟ್ರಾಮಿಗೆ ಸಂಕೇತ ಕಳಿಸುವ ಸಾಧನ, ನೆಡುವುದು. ವೇಗ ಮಿತಿ ಮೀರಿದ್ದರೆ ಟ್ರಾಮ್ ತಾನೇ ಬ್ರೇಕ್ ಹಾಕಿಕೊಂಡು ನಿಲ್ಲುತ್ತದೆ, ಯಾರ ಮುಖವನ್ನೂ ನೋಡುವುದಿಲ್ಲ. ದುಡ್ಡು ಒಂದಕ್ಕೇ ಇದ್ದರೆ ಇದನ್ನೇ ಕೊಳ್ಳಿ. ಜೊತೆಗೆ ಪಾಳಿಯ ಪಟ್ಟಿಯನ್ನೂ ತಿದ್ದಿ. ನಸುಕಿನ ಡ್ಯೂಟಿಗೆ ನಡುರಾತ್ರಿ ಏಳುವವನ ನಿದ್ದೆಗೆಟ್ಟ ಕಣ್ಣನ್ನು ಯಾವ ಕ್ಯಾಮೆರಾವೂ ವಾಸಿ ಮಾಡುವುದಿಲ್ಲ.

2023ರಲ್ಲಿ ಜ್ಯೂರಿ ಚಾಲಕನನ್ನು ನಿರ್ದೋಷಿ ಎಂದಿತು. ಅದೇ ವರ್ಷ ಲಂಡನ್ ಸಾರಿಗೆ ಸಂಸ್ಥೆಗೆ 1 ಕೋಟಿ ಪೌಂಡ್, ಟ್ರಾಮ್ ಓಡಿಸುವ ಕಂಪನಿಗೆ 40 ಲಕ್ಷ ಪೌಂಡ್ ದಂಡ ಬಿತ್ತು.

ಹೆಜ್ಜೆ 5: ಗಾಜು ಮುಟ್ಟಿ ನೋಡಿ

ಸತ್ತವರಲ್ಲಿ, ತೀವ್ರ ಗಾಯಗೊಂಡವರಲ್ಲಿ ಹಲವರು ಒಡೆದ ಕಿಟಕಿ, ಬಾಗಿಲುಗಳ ಮೂಲಕ ಹೊರಕ್ಕೆ ಎಸೆಯಲ್ಪಟ್ಟಿದ್ದರು. ಟ್ರಾಮ್ ಗಾಜು ಪೆಟ್ಟು ಬಿದ್ದರೆ ಸಕ್ಕರೆ ಹರಳಿನಂತೆ ಪುಡಿಯಾಗುತ್ತದೆ. ಕೈ ಕೊಯ್ಯುವುದಿಲ್ಲ ನಿಜ, ಆದರೆ ಕಿಟಕಿ ಇದ್ದ ಕಡೆ ಬರೀ ಕಂಡಿ. ಅದಕ್ಕೇ ಗಾಜಿಗೆ ಅಂಟಿಸಿದ್ದ 100 ಮೈಕ್ರಾನ್ ಫಿಲ್ಮ್ ತೆಗೆದು 175 ಮೈಕ್ರಾನಿನದು ಹಾಕಿದರು. ಆಸ್ಪತ್ರೆಯ ಎಕ್ಸ್‌ರೇ ಫಿಲ್ಮಿನಷ್ಟು ದಪ್ಪ. ಗಾಜು ಪುಡಿಯಾದರೂ ಹಾಳೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ.

ಇಲ್ಲೊಂದು ಪೇಚು ಇದೆ. ಜನ ಹೊರಗೆ ಬೀಳದಷ್ಟು ಗಟ್ಟಿ ಕಿಟಕಿ, ಜನ ತಪ್ಪಿಸಿಕೊಳ್ಳಲೂ ಅಡ್ಡಿ. ಮಗ್ಗುಲಾದ ಟ್ರಾಮಿನಲ್ಲಿ ಒಂದು ಕಡೆಯ ಬಾಗಿಲು ನೆಲಕ್ಕೆ, ಇನ್ನೊಂದು ಕಡೆಯದು ಆಕಾಶಕ್ಕೆ. ಹೊರದಾರಿ ಬೇರೆಯೇ ಯೋಚಿಸಬೇಕು. ತುರ್ತು ದೀಪವೂ ಟ್ರಾಮಿನ ಬ್ಯಾಟರಿಯನ್ನು ನಂಬಿಕೊಳ್ಳದೆ ತನ್ನಷ್ಟಕ್ಕೆ ಉರಿಯುವಂತಿರಬೇಕು. ಕ್ರಾಯ್ಡನ್‌ನಲ್ಲಿ ಈಗ ಹಾಗೇ ಮಾಡಿದ್ದಾರೆ.

ಹೆಜ್ಜೆ 6: ಹತ್ತುವ, ಇಳಿಯುವ ಜಾಗ

ಉರುಳುವುದು ಅಪರೂಪ. ದಿನನಿತ್ಯದ ಪೆಟ್ಟು ಬೀಳುವುದು ಸ್ಟಾಪಿನಲ್ಲಿ. ಮೆಲ್ಬರ್ನ್‌ನಲ್ಲಿ ಸುಮಾರು 250 ಕಿ.ಮೀ. ಟ್ರಾಮ್ ದಾರಿಯಿದೆ. ಎಷ್ಟೋ ಕಡೆ ಟ್ರಾಮ್ ನಡುರಸ್ತೆಯಲ್ಲಿ ನಿಂತು ಜನ ನೇರವಾಗಿ ವಾಹನ ಓಡುವ ಜಾಗಕ್ಕೇ ಇಳಿಯುತ್ತಾರೆ. ನಿಂತ ಟ್ರಾಮಿನ ಹಿಂದೆ ಕಾರು ನಿಲ್ಲಲೇಬೇಕು ಎಂಬ ಕಾನೂನೂ ಇದೆ. ಆದರೂ ಮಕ್ಕಳ ಮನೆಗೆಂದು ಅಲ್ಲಿಗೆ ಹೋಗುವ ನಮ್ಮ ಅಪ್ಪ–ಅಮ್ಮಂದಿರು ಮೆಟ್ಟಿಲಲ್ಲೇ ನಿಂತು ಎಡಕ್ಕೆ ನೋಡಿ ಕಾಲಿಡುವುದು ಒಳ್ಳೆಯದು, ಕಾರು ಬರುವುದು ಆ ಕಡೆಯಿಂದ. ಒಂದು ಟ್ರಾಮಿನ ತೂಕ 30 ಘೇಂಡಾಮೃಗಗಳಷ್ಟು ಎಂದು ಆ ಊರಿನವರು ಘೇಂಡಾಮೃಗದ ಚಿತ್ರವನ್ನೇ ಹಾಕಿ ಪ್ರಚಾರ ಮಾಡಿದ್ದರು.

ಪಕ್ಕಾ ಪರಿಹಾರವೆಂದರೆ ಬಾಗಿಲಿನ ಮಟ್ಟಕ್ಕೇ ಎತ್ತರಿಸಿದ ಪ್ಲಾಟ್‌ಫಾರ್ಮ್. ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ ಹತ್ತಿದವರಿಗೆ ಇದು ಗೊತ್ತು. ಮೆಟ್ಟಿಲಿಲ್ಲ, ಸೀರೆಯ ನೆರಿಗೆ ಎತ್ತಿಕೊಳ್ಳುವ ಗೋಜಿಲ್ಲ. ಆದರೆ ರಸ್ತೆ ಮಧ್ಯದ ಆ ನಿಲ್ದಾಣಕ್ಕೆ ತಲುಪಲು ದಾಟಬೇಕಾದ ಅರ್ಧ ರಸ್ತೆ? ಪ್ಲಾಟ್‌ಫಾರ್ಮಿಗೆ ಖರ್ಚು ಮಾಡುವವರು ಜೀಬ್ರಾ ಪಟ್ಟಿ ಮತ್ತು ಸಿಗ್ನಲಿಗೆ ಬರುವಾಗ ಕೈ ಬಿಗಿ ಹಿಡಿಯುತ್ತಾರೆ.

ಟ್ರಾಮಿನೊಳಗೆ ಹೇಳುವುದು ಕಡಿಮೆ. ಕೈಗೆಟುಕುವಂತೆ ಕಂಬಗಳಿರಲಿ. ಕಾರೊಂದು ಅಡ್ಡ ನುಗ್ಗಿದಾಗ ತುರ್ತು ಬ್ರೇಕ್ ಹಾಕಿದರೆ ನಿಂತವರು ಮುಗ್ಗರಿಸುತ್ತಾರೆ. ಮೊಬೈಲ್ ಒಂದು ಕೈಯಲ್ಲಿರಲಿ, ಕಂಬ ಇನ್ನೊಂದರಲ್ಲಿ.

ಹೆಜ್ಜೆ 7: ಪ್ರಯಾಣಿಕರಿಗೆ ದೂರು ಬರೆಯಲು ಕಲಿಸಿ

‘ನಿಮ್ಮ ಡ್ರೈವರ್ ಸರಿಯಿಲ್ಲ’ ಎಂದರೆ ಯಾರಿಗೂ ಏನೂ ಮಾಡಲಾಗದು. ಬೇಕಾದ್ದು ನಾಲ್ಕು: ಟ್ರಾಮ್ ನಂಬರ್, ನಿಮಿಷದವರೆಗೆ ಸಮಯ, ಯಾವ ಎರಡು ಸ್ಟಾಪುಗಳ ನಡುವೆ, ಯಾವ ದಿಕ್ಕಿಗೆ. ಇಷ್ಟಿದ್ದರೆ ವೇಗದ ದಾಖಲೆ ತೆಗೆದು ಹತ್ತು ನಿಮಿಷದಲ್ಲಿ ನೋಡಬಹುದು. ನಂಬರನ್ನು ಒಳಗೆ ಪ್ರತಿ ಬಾಗಿಲ ಮೇಲೂ ದಪ್ಪಕ್ಷರದಲ್ಲಿ ಬರೆಸಿ. ಕ್ರಾಯ್ಡನ್‌ನ ಮೊದಲ ಟ್ರಾಮುಗಳ ನಂಬರ್ 2530ರಿಂದ ಶುರು, ಯಾಕೆಂದರೆ 1952ರಲ್ಲಿ ನಿಂತುಹೋದ ಹಳೆಯ ಲಂಡನ್ ಟ್ರಾಮುಗಳ ಸಾಲು 2529ಕ್ಕೆ ಮುಗಿದಿತ್ತು. ಅರ್ಧ ಶತಮಾನದ ನಂತರವೂ ನಂಬರಿನ ಲೆಕ್ಕ ತಪ್ಪದಂತೆ ನೋಡಿಕೊಂಡ ಊರು ಅದು. ಅಕ್ಟೋಬರ್ 31ರ ದೂರು ಮಾತ್ರ ಸಮಯಕ್ಕೆ ಸರಿಯಾಗಿ ಯಾರ ಕಣ್ಣಿಗೂ ಬೀಳಲಿಲ್ಲ.