ಹ್ಯಾಗಿಸ್ ಬಿಸಿ ಮಾಡಿ, ಆದರೆ ಕುದಿಸಬೇಡಿ

ಸ್ಕಾಟ್ಲೆಂಡಿನಲ್ಲಿ ಜನವರಿ 25ರ ರಾತ್ರಿ ಊಟಕ್ಕೆ ಹ್ಯಾಗಿಸ್ ಆಗಲೇಬೇಕು. ಅದು ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನ. ಕುರಿಯ ಗುಂಡಿಗೆ, ಈಲಿ, ಶ್ವಾಸಕೋಶಗಳನ್ನು ಬೇಯಿಸಿ ಕೊಚ್ಚಿ, ಹುರಿದ ಓಟ್ಸ್ ನುಚ್ಚು, ಈರುಳ್ಳಿ, ಗಟ್ಟಿ ಕೊಬ್ಬು, ಉಪ್ಪು, ಕೈತುಂಬ ಕರಿಮೆಣಸಿನ ಪುಡಿ ಬೆರೆಸಿ, ಕುರಿಯ ಹೊಟ್ಟೆಚೀಲಕ್ಕೆ ತುಂಬಿ ಮತ್ತೆ ಬೇಯಿಸಿದ ತಿನಿಸು ಇದು. ಬೋಟಿ ತೊಳೆದು ಗೊತ್ತಿದ್ದವರು ಇದಕ್ಕೆ ಮೂಗು ಮುರಿಯಲಾರರು.

ಮೊದಲಿನಿಂದ ಮಾಡುವುದಾದರೆ ಎರಡು ದಿನದ ಕೆಲಸ. ಹೊಟ್ಟೆಚೀಲವನ್ನು ಕೆರೆದು ತೊಳೆದು ರಾತ್ರಿಯಿಡೀ ಉಪ್ಪುನೀರಿನಲ್ಲಿ ನೆನೆಹಾಕಬೇಕು. ಶ್ವಾಸಕೋಶ ಬೇಯುವಾಗ ಅದಕ್ಕಂಟಿದ ಗಾಳಿಕೊಳವೆಯನ್ನು ಪಾತ್ರೆಯ ಅಂಚಿನಾಚೆ ಇಳಿಬಿಟ್ಟು, ಕೆಳಗೊಂದು ಬಟ್ಟಲಿಡುವುದು ಹಳೆಯ ಕ್ರಮ. ಒಳಗಿನ ನೊರೆ, ಕೊಳೆಯೆಲ್ಲ ಆ ಕೊಳವೆಯಿಂದ ಇಳಿದುಹೋಗುತ್ತದೆ. ಬೆಂದ ನೀರನ್ನು ಚೆಲ್ಲಬೇಡಿ, ಮಿಶ್ರಣ ಹದ ಮಾಡಲು ಅದೇ ಬೇಕು. ಚೀಲವನ್ನು ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿದರೆ ಸಾಕು, ಓಟ್ಸ್ ಉಬ್ಬುತ್ತದೆ. ಬಾಯಿ ಹೊಲಿದು, ಸೂಜಿಯಿಂದ ಅಲ್ಲಲ್ಲಿ ಚುಚ್ಚಿ, ಸಣ್ಣ ಉರಿಯಲ್ಲಿ ಸುಮಾರು 3 ಗಂಟೆ ಬೇಯಿಸಿ.

ನಿಜ ಹೇಳಬೇಕೆಂದರೆ ಇಷ್ಟೆಲ್ಲ ಮಾಡುವವರು ಅಲ್ಲೂ ಕಡಿಮೆ. ಮಾಂಸದಂಗಡಿಯಿಂದ ತರುವ ಹ್ಯಾಗಿಸ್ ಆಗಲೇ ಬೆಂದಿರುತ್ತದೆ, ನಮಗೆ ಉಳಿಯುವುದು ಬಿಸಿ ಮಾಡುವ ಕೆಲಸ. ಕೆಡುವುದೂ ಅಲ್ಲೇ. ನೀರು ಕೊತಕೊತ ಕುದಿಯಿತೋ, ಚೀಲ ಒಡೆದು ಪಾತ್ರೆಯಲ್ಲಿ ಗಂಜಿಯಾಗುತ್ತದೆ. ಓವನ್ ಇದ್ದರೆ ಅದೇ ಕ್ಷೇಮ: ಮೇಲಿನ ಪ್ಲಾಸ್ಟಿಕ್ ತೆಗೆದು, ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿ, ತಳದಲ್ಲಿ ತುಸು ನೀರಿರುವ ತಟ್ಟೆಯಲ್ಲಿಟ್ಟು, ಅರ್ಧ ಕಿಲೋ ತೂಕದ್ದನ್ನು 180 ಡಿಗ್ರಿಯಲ್ಲಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಬಿಡಿ. ಹೊರಗೆ ಬಿಸಿಯಿದ್ದು ನಡುವೆ ತಣ್ಣಗಿರುವುದುಂಟು, ಅದಕ್ಕೇ ಚಾಕು ಚುಚ್ಚಿ ನೋಡಿ, ತುದಿ ಸುಡುವಷ್ಟು ಬಿಸಿಯಾಗಿರಬೇಕು.

ಅಷ್ಟರಲ್ಲಿ ನೀಪ್ಸ್ ಮತ್ತು ಟ್ಯಾಟೀಸ್ ಸಿದ್ಧವಾಗಲಿ. ಟ್ಯಾಟೀಸ್ ಎಂದರೆ ಆಲೂಗಡ್ಡೆ. ನೀಪ್ಸ್ ಎನ್ನುವುದು ಒಳಗೆ ಹಳದಿಯಿರುವ ಸ್ವೀಡ್ ಗಡ್ಡೆ, ನಮ್ಮ ನವಿಲುಕೋಸಿನ ದಾಯಾದಿ. ಎರಡನ್ನೂ ಬೇರೆಬೇರೆ ಬೇಯಿಸಿ, ನೀರು ಪೂರ್ತಿ ಬಸಿದು, ಬೆಣ್ಣೆ ಹಾಕಿ ಮಸೆಯಿರಿ. ಸ್ವೀಡ್ ನೀರು ಬಿಡುತ್ತದೆ. ಬಸಿದ ಮೇಲೆ ಪಾತ್ರೆಯನ್ನು ಒಂದು ನಿಮಿಷ ಒಲೆಯ ಮೇಲಿಟ್ಟು ಆರಿಸಿಕೊಳ್ಳಿ. ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳವರು ಎರಡನ್ನೂ ಒಟ್ಟಿಗೇ ಮಸೆದು ಕ್ಲ್ಯಾಪ್‌ಶಾಟ್ ಎನ್ನುತ್ತಾರೆ. ನನಗೆ ಅದೇ ರುಚಿ.

ಬರ್ನ್ಸ್ ರಾತ್ರಿಯಲ್ಲಿ ಹ್ಯಾಗಿಸ್ ಮೇಜಿಗೆ ಬರುವುದು ಮೆರವಣಿಗೆಯಲ್ಲಿ. ಮುಂದೆ ಬ್ಯಾಗ್‌ಪೈಪ್, ಹಿಂದೆ ತಟ್ಟೆ ಹೊತ್ತ ಅಡುಗೆಯವರು. ಬರ್ನ್ಸ್ 1786ರಲ್ಲಿ ಇದೇ ತಿನಿಸಿನ ಮೇಲೆ ಬರೆದ ಪದ್ಯವನ್ನು ಒಬ್ಬರು ಓದುತ್ತಾರೆ. ಪದ್ಯದಲ್ಲಿ ಚಾಕು ಬರುವ ಸಾಲಿಗೆ ಸರಿಯಾಗಿ ಚೀಲ ಸೀಳಬೇಕು. ಓದುವ ಹುರುಪಿನಲ್ಲಿ ಮುಖ ಬಗ್ಗಿಸಬೇಡಿ, ಬಿಸಿ ಹಬೆ ಒಮ್ಮೆಲೇ ನುಗ್ಗುತ್ತದೆ. ಮೊದಲೇ ಒಂದು ಸಣ್ಣ ಗೀರು ಹಾಕಿಟ್ಟರೆ ಅಂಗಿಗೂ ಒಳ್ಳೆಯದು. ಒಳಗಿನದನ್ನು ಚಮಚದಿಂದ ಬಡಿಸಿ. ಚೀಲವನ್ನು ಸಾಮಾನ್ಯವಾಗಿ ಯಾರೂ ತಿನ್ನುವುದಿಲ್ಲ. ಕುಡಿಯುವವರಿಗೆ ಪಕ್ಕದಲ್ಲಿ ವಿಸ್ಕಿ.

ಸಸ್ಯಾಹಾರಿಗಳು ಎದ್ದು ಹೋಗಬೇಕಿಲ್ಲ. ಬೇಳೆಕಾಳು, ಅಣಬೆ, ಓಟ್ಸ್ ತುಂಬಿದ ಹ್ಯಾಗಿಸ್ 1980ರ ದಶಕದಿಂದ ಅಂಗಡಿಗಳಲ್ಲಿದೆ. ಬಿಸಿ ಮಾಡುವ ಕ್ರಮ ಅದೇ.

ಮಿಕ್ಕಿದ್ದನ್ನು ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಬಿಲ್ಲೆಗಳಾಗಿ ಕತ್ತರಿಸಿ, ಬಾಣಲೆಯಲ್ಲಿ ಅಂಚು ಗರಿಗರಿಯಾಗುವಂತೆ ಹುರಿಯಿರಿ. ಮೇಲೊಂದು ಮೊಟ್ಟೆ ಒಡೆದು ಹಾಕಿ.