ಬಿಲ್ಲಿಗೆ ಕೊಟ್ಟ ನಂಬರ್ ಆಫರಿಗಲ್ಲ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸೀರೆ ಕೊಂಡರೆ ಬಿಲ್ಲಿಗೆ ಮೊದಲು ಮೊಬೈಲ್ ನಂಬರ್ ಕೇಳುತ್ತಾರೆ. ಅದು ಬಿಲ್ಲಿಂಗ್ ಸಾಫ್ಟ್‌ವೇರಿನಿಂದ ಎಕ್ಸೆಲ್‌ಗೆ ಇಳಿದು, ದೀಪಾವಳಿ ಹೊತ್ತಿಗೆ ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಸೇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ಸಿಕ್ಕಿಬೀಳುವುದು ಈ ಕೊನೆಯ ಜಿಗಿತ. ನಿಯಮಗಳು 2025ರ ನವೆಂಬರಿನಲ್ಲಿ ಬಂದಿವೆ. ಅಂಗಡಿಯವರ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಗಡುವು.

ಮೊದಲು ಪಟ್ಟಿ ಮಾಡಿ: ಯಾವ ಮಾಹಿತಿ ಇದೆ, ಎಲ್ಲಿದೆ. ಒಂದು ಸಂಜೆಯ ಕೆಲಸ. ಕೆಲಸ ಬಿಟ್ಟುಹೋದ ಹುಡುಗನ ಫೋನನ್ನು ಮರೆಯಬೇಡಿ. ಬರೀ ಕಾಗದದ ವಹಿ ಕಾಯ್ದೆಯೊಳಗೆ ಬರುವುದಿಲ್ಲ, ಅದನ್ನು ಕಂಪ್ಯೂಟರಿಗೆ ಏರಿಸಿದ ಕ್ಷಣ ಬರುತ್ತದೆ. ಬೇಡದ ಆಧಾರ್ ಫೋಟೊ ಇದ್ದರೆ ಅಂದೇ ಅಳಿಸಿ.

ಎಲ್ಲರೂ ಎಡವುವುದು ಒಪ್ಪಿಗೆಯಲ್ಲಿ. ಬಿಲ್ ಫೋನಿಗೆ ಬರಲೆಂದು ಗ್ರಾಹಕರೇ ನಂಬರ್ ಕೊಟ್ಟರೆ, ಬಿಲ್ ಕಳಿಸಲು ಬೇರೆ ಒಪ್ಪಿಗೆ ಬೇಕಿಲ್ಲ. ಔಷಧ ಅಂಗಡಿಯ ಇಂಥದೇ ಉದಾಹರಣೆ ಕಾಯ್ದೆಯಲ್ಲೇ ಇದೆ. ಅದೇ ನಂಬರಿಗೆ ಆಫರ್ ಕಳಿಸಬೇಕೆಂದರೆ ಪ್ರತ್ಯೇಕವಾಗಿ ಕೇಳಬೇಕು. ನಂಬರ್ ಕೊಡದಿದ್ದರೆ ಬಿಲ್ಲೇ ಇಲ್ಲ ಅನ್ನುವಂತಿಲ್ಲ ಎಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲೇ ಹೇಳಿದೆ.

ಕೇಳುವ ಬರಹ ಷರತ್ತುಗಳ ನಡುವೆ ಹುದುಗಿರದೆ, ಬೇರೆಯಾಗಿಯೇ ಓದಲು ಸಿಗಬೇಕು. ಅದರಲ್ಲಿ ನಾಲ್ಕು ಮಾತು ಇರಲೇಬೇಕು: ಯಾವ ಮಾಹಿತಿ, ಯಾವ ಉದ್ದೇಶಕ್ಕೆ, ಒಪ್ಪಿಗೆ ಹಿಂಪಡೆಯುವುದು ಮತ್ತು ಕಾಯ್ದೆ ಕೊಟ್ಟ ಇತರ ಹಕ್ಕು ಬಳಸುವುದು ಹೇಗೆ, ಈ ಕಾಯ್ದೆಯ ದೂರು ವಿಚಾರಿಸುವ ದತ್ತಾಂಶ ಮಂಡಳಿಗೆ ದೂರು ಕೊಡುವುದು ಹೇಗೆ. "ಹೊಸ ಸ್ಟಾಕು, ರಿಯಾಯಿತಿ ತಿಳಿಸಲು ನಿಮ್ಮ ಹೆಸರು, ನಂಬರ್ ಇಟ್ಟುಕೊಳ್ಳಬಹುದೇ? ಬೇಡವೆನಿಸಿದಾಗ 'ಸಾಕು' ಎಂದು ಇದೇ ನಂಬರಿಗೆ ಕಳಿಸಿ" ಎಂದು ಶುರುಮಾಡಿ, ಕೆಳಗೆ ಇತರ ಹಕ್ಕುಗಳ, ದೂರಿನ ದಾರಿ ಬರೆಯಿರಿ. ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಿ ಓದಬೇಕೆಂಬ ಆಯ್ಕೆ ಗ್ರಾಹಕರದು. ಕೌಂಟರಿನಲ್ಲಿ ಮೊದಲು ಕಾಣುವುದು ಮಾತ್ರ ಕನ್ನಡದ್ದೇ ಇರಲಿ. ಅಂತರ್ಜಾಲದ ರೆಡಿಮೇಡ್ ಬರಹ ಬೇಡವೇ ಬೇಡ, ಅದರಲ್ಲಿ ಕ್ಯಾಲಿಫೋರ್ನಿಯಾದ ಕಾನೂನು ಹಾಗೇ ಉಳಿದಿರುತ್ತದೆ.

ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯಲ್ಲ, ಗ್ರಾಹಕರೇ ಒತ್ತಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತೆಯೂ ಇರಬೇಕು: ಒಂದು ಒತ್ತಿನಲ್ಲಿ ಪಡೆದು, ಬೇಡವೆಂದವರಿಗೆ 'ಅಂಗಡಿಗೆ ಬಂದು ಅರ್ಜಿ ಬರೆದುಕೊಡಿ' ಅಂದರೆ ನಡೆಯದು. ತಕರಾರು ಬಂದರೆ ಒಪ್ಪಿಗೆ ಪಡೆದದ್ದನ್ನು ಸಾಬೀತು ಮಾಡುವ ಹೊರೆ ಅಂಗಡಿಯದು. ಆದ್ದರಿಂದ ದಿನಾಂಕ, ಸಮಯ, ಅಂದು ತೋರಿಸಿದ ಬರಹ ಮೂರನ್ನೂ ಉಳಿಸಿಡಿ. ಒಪ್ಪಿಗೆ ಕೇಳಿದ್ದೇ ನೆನಪಿಲ್ಲದ ಹಳೆಯ ನಂಬರುಗಳನ್ನು ಅಳಿಸುವುದೇ ಲೇಸು. ಯಾರೋ ಮಾರುವ 'ಹುಬ್ಬಳ್ಳಿ ಡೇಟಾಬೇಸ್' ಕೊಳ್ಳುವುದಂತೂ ದುಡ್ಡು ಕೊಟ್ಟು ತಂಟೆ ತಂದುಕೊಂಡಂತೆ.

ಧಾರವಾಡದ ಕೋಚಿಂಗ್ ಸೆಂಟರುಗಳವರು ಇನ್ನೊಂದನ್ನು ಗಮನಿಸಬೇಕು. ಕಾಯ್ದೆಯ ಲೆಕ್ಕದಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅಂಥ ಪಿಯು ವಿದ್ಯಾರ್ಥಿಯ ನಂಬರ್ ಇಟ್ಟುಕೊಳ್ಳಲು ಹುಡುಗನ ಸಹಿ ಸಾಲದು, ಪೋಷಕರ ಒಪ್ಪಿಗೆ ಬೇಕು, ಅದೂ ಪರಿಶೀಲಿಸಬಹುದಾದದ್ದು. ಮಕ್ಕಳನ್ನೇ ಗುರಿಯಾಗಿಸಿದ ಜಾಹೀರಾತನ್ನಂತೂ ಕಾಯ್ದೆ ನಿಷೇಧಿಸುತ್ತದೆ.

ಸಗಟು ಎಸ್‌ಎಂಎಸ್ ಕಳಿಸುವವರು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ, ಮೊಬೈಲ್ ಕಂಪನಿಗಳ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಹೆಡರ್ (ಕಳಿಸುವವರ ಗುರುತಿನ ಹೆಸರು), ಟೆಂಪ್ಲೇಟ್ (ಸಂದೇಶದ ನಮೂನೆ) ನೋಂದಾಯಿಸಬೇಕು.

ಉಳಿದದ್ದು ಭದ್ರತೆ. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದ್ದರೆ ಇಂದೇ ಬೇರೆ ಮಾಡಿ. ಸಾಫ್ಟ್‌ವೇರ್ ಕೊಟ್ಟವನ ಜೊತೆ ಲಿಖಿತ ಕರಾರು ಇರಲಿ, ಅವನ ಕಡೆಯಿಂದ ಸೋರಿದರೂ ಉತ್ತರಿಸಬೇಕಾದವರು ಅಂಗಡಿಯವರೇ. ಸೋರಿದರೆ ಗ್ರಾಹಕರಿಗೂ ಮಂಡಳಿಗೂ ತಡಮಾಡದೆ ತಿಳಿಸಬೇಕು, ಪೂರ್ಣ ವಿವರ 72 ಗಂಟೆಯೊಳಗೆ ಮಂಡಳಿ ಸೇರಬೇಕು. ಭದ್ರತೆ ಕಾಪಾಡದಿದ್ದಕ್ಕೆ ಗರಿಷ್ಠ ದಂಡ 250 ಕೋಟಿ ರೂಪಾಯಿ.